ಕಿಟಕಿ ಇರುವ ಚಿಪ್‌ಗೆ ಬದಲಿ ಹುಡುಕುವಾಗ

ಎಂಬತ್ತು, ತೊಂಬತ್ತರ ದಶಕದ ಸ್ಲಾಟ್ ಮಷಿನ್‌ನ ಬೋರ್ಡ್ ಹೊರಗೆಳೆದರೆ ಮೂರೂವರೆ ಸೆಂಟಿಮೀಟರ್‌ಗಿಂತ ತುಸು ಉದ್ದದ, 28 ಕಾಲಿನ ಚಿಪ್‌ಗಳು ಸಾಕೆಟ್‌ನಲ್ಲಿ ಕೂತಿರುವುದು ಕಾಣುತ್ತದೆ. ಮೇಲೊಂದು ಸ್ಟಿಕ್ಕರ್. ಕಾರವಾರದ ಸೆಕೆಗೆ ಅಂಟು ಜಾರಿ ಅದರ ಮೂಲೆ ಎದ್ದಿದ್ದರೆ ಮೊದಲು ಒತ್ತಿ ಕೂರಿಸಿ, ಕಿತ್ತು ನೋಡುವ ಚಪಲ ಬೇಡ. ಅದರಡಿ ಇರುವುದು ಸ್ಫಟಿಕದ ಪುಟ್ಟ ಕಿಟಕಿ. ಯಂತ್ರದ ಬುದ್ಧಿಯೆಲ್ಲ ಆ ಕಿಟಕಿಯ ಕೆಳಗಿದೆ: ಯಾವ ಚಕ್ರ ಎಲ್ಲಿ ನಿಲ್ಲಬೇಕು, ಯಾವ ಸಾಲಿಗೆ ಎಷ್ಟು ನಾಣ್ಯ ಉದುರಬೇಕು ಎಂಬ ಲೆಕ್ಕವೆಲ್ಲ.

ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿ 1992ರ ಕಾಯ್ದೆ ತಿದ್ದುಪಡಿಯ ನಂತರ ಪಂಚತಾರಾ ಹೋಟೆಲುಗಳಲ್ಲಿ ಇಂಥ ಯಂತ್ರಗಳಿಗೆ ಅವಕಾಶವಾಯಿತು. ಗಡಿಯ ಈಚೆ ದುಡ್ಡು ಕಟ್ಟಿ ಆಡಿಸಿದರೆ ಅದು ಪೊಲೀಸರ ವಿಷಯ. ಇಲ್ಲಿ ಹೇಳುತ್ತಿರುವುದು ಹವ್ಯಾಸಕ್ಕೆಂದು ಇಟ್ಟುಕೊಂಡ ಯಂತ್ರ ಕಣ್ಣು ಮುಚ್ಚದಂತೆ ನೋಡಿಕೊಳ್ಳುವ ಬಗೆ. ಜಾತ್ರೆಯ ಹಳೇ ವಿಡಿಯೋ ಗೇಮ್‌ ಪೆಟ್ಟಿಗೆಗಳಲ್ಲೂ ಇದೇ ಜಾತಿಯ ಚಿಪ್‌ಗಳಿರುವುದರಿಂದ ಅವಕ್ಕೂ ಇದೇ ಮದ್ದು.

ಈ ಚಿಪ್‌ನ ಹೆಸರು ಇಪ್ರಾಮ್. 1971ರಲ್ಲಿ ಇಂಟೆಲ್‌ನಲ್ಲಿ ಡೋವ್ ಫ್ರೋಮನ್ ರೂಪಿಸಿದ ಮೊದಲ ಇಪ್ರಾಮ್‌ನಲ್ಲಿ (ಅದರ ನಂಬರ್ 1702) ಹಿಡಿಸುತ್ತಿದ್ದದ್ದು 2048 ಬಿಟ್ ಮಾತ್ರ. ಒಳಗಿನ ಒಂದೊಂದು ಕೋಶದಲ್ಲೂ ಸುತ್ತ ನಿರೋಧಕ ಮುಚ್ಚಿದ ತೇಲುಗೇಟ್ ಇದೆ. ಬಾಗಿಲೇ ಇಲ್ಲದ ಕೊಟ್ಟಿಗೆಗೆ ಗೋಡೆ ಹಾರಿಸಿ ದನ ಕೂಡಿದ ಹಾಗೆ, ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಅದರೊಳಗೆ ನೂಕುತ್ತಾರೆ. ತುಂಬಿದ ಕೋಶ 0, ಖಾಲಿ ಕೋಶ 1. ನೇರಳಾತೀತ ಕಿರಣ ಬಿದ್ದರೆ ಎಲೆಕ್ಟ್ರಾನ್‌ಗಳಿಗೆ ಮತ್ತೆ ಗೋಡೆ ಹಾರುವ ಕಸುವು ಬರುತ್ತದೆ, ಬರೆದದ್ದೆಲ್ಲ ಅಳಿಯುತ್ತದೆ. ತಯಾರಕರ ಲೆಕ್ಕದಲ್ಲಿ ಅಳಿಯಲು ನೇರ ಬಿಸಿಲಿಗೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿಗೆ ಸುಮಾರು 3 ವರ್ಷ. ಶಿರಸಿಯ ಅಂಗಳದಲ್ಲಿ ಚಾಲಿ ಅಡಿಕೆ ಒಣಗಲು ತಿಂಗಳ ಮೇಲೆ ಹಿಡಿಯುತ್ತದೆ. ಪಕ್ಕದಲ್ಲಿ ಕಿಟಕಿ ತೆರೆದ ಚಿಪ್ ಬಿಟ್ಟರೆ ಅಡಿಕೆಯ ಸಿಪ್ಪೆ ಸಡಿಲವಾಗುವ ಮೊದಲೇ ಅದು ಎಲ್ಲ ಮರೆತಿರುತ್ತದೆ. ಬಿಸಿಲು ಬೀಳದಿದ್ದರೂ ಎಲೆಕ್ಟ್ರಾನ್‌ಗಳು ವರ್ಷಗಟ್ಟಲೆ ಒಂದೊಂದಾಗಿ ಸೋರುತ್ತಲೇ ಇರುತ್ತವೆ. ಬ್ಯಾಕಪ್ ಬೇಕಾಗುವುದು ಅದಕ್ಕೇ.

ಹೊಸ ಚಿಪ್ ಕೊಳ್ಳುವ ಮೊದಲು ಹಳೆಯದನ್ನು ಓದಿಸಿಟ್ಟುಕೊಳ್ಳಿ. ಕರೆಂಟ್ ತೆಗೆದು, ಚಿಪ್‌ನ ತುದಿಯ ಕಚ್ಚು ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ತಿರುಗಿಸಿ ಹಾಕಿದರೆ 5 ವೋಲ್ಟಿನ 28ನೇ ಕಾಲು ಇರಬೇಕಾದಲ್ಲಿ ಗ್ರೌಂಡಿನ 14ನೇ ಕಾಲು ಬಂದು ಚಿಪ್ ಕ್ಷಣದಲ್ಲಿ ಸುಡುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಆ ತುದಿ ಈ ತುದಿ ಒಂದೊಂದು ಮಿಲಿಮೀಟರ್ ಎತ್ತುತ್ತ ಹೊರತೆಗೆಯಿರಿ. ಪ್ರೋಗ್ರಾಮರ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಜೋಡಿಸಿ ಚಿಪ್ ಓದುವ, ಬರೆಯುವ ಪುಟ್ಟ ಸಾಧನದಲ್ಲಿ, ಕೂರಿಸಿ ಕನಿಷ್ಠ ಮೂರು ಸಲ ಓದಿಸಿ. ಓದಿದ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ, ಅಂದರೆ ಚೆಕ್‌ಸಮ್, ಮೂರೂ ಸಲ ಒಂದೇ ಬಂದರೆ ನಂಬಬಹುದು.

ಒಂದೊಂದು ಸಲ ಒಂದೊಂದು ಬಂದರೆ? ಮೊದಲು ಕಾಲು ಸ್ವಚ್ಛ ಮಾಡಿ ನೋಡಿ. ಆಮೇಲೂ ಬದಲಾಗುತ್ತಿದ್ದರೆ ಕೋಶಗಳು ಸೋರಿವೆ ಎಂದರ್ಥ. ಆಗ ಪ್ರೋಗ್ರಾಮರ್‌ನಲ್ಲಿ ಓದುವ ವೋಲ್ಟೇಜನ್ನು 5ರಿಂದ 4.5ಕ್ಕೆ, ಸಾಧ್ಯವಿದ್ದರೆ 4ಕ್ಕೆ ಇಳಿಸಿ. ಅರ್ಧ ಖಾಲಿಯಾದ ಕೋಶ ಪೂರ್ತಿ ವೋಲ್ಟೇಜಿನಲ್ಲಿ 1 ಎಂದು ಸುಳ್ಳು ಹೇಳುತ್ತದೆ. ವೋಲ್ಟೇಜ್ ತಗ್ಗಿದಾಗ ಹಳೆಯ 0 ಮತ್ತೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಎಚ್ಚರ: ತೀರಾ ಹಳೆಯ 2716, 2732 ನಂಬರಿನಂಥ ಚಿಪ್‌ಗಳನ್ನು ಓದುವಾಗ ಚಿಪ್ ಐಡಿ (ತಯಾರಕ ಮತ್ತು ಮಾದರಿ ತಿಳಿಸುವ ಗುರುತು ಸಂಖ್ಯೆ) ಪರೀಕ್ಷೆಯನ್ನು ಆಫ್ ಮಾಡಿ. ಆ ಪರೀಕ್ಷೆ ಎ9 ಕಾಲಿಗೆ 12 ವೋಲ್ಟ್ ಹಾಕುತ್ತದೆ. ಐಡಿಯೇ ಇಲ್ಲದ ಚಿಪ್‌ಗೆ ಅದು ಪೆಟ್ಟು.

ಇನ್ನು ನಂಬರಿನ ಲೆಕ್ಕ. 27ರ ನಂತರದ ಅಂಕಿ ಕಿಲೋಬಿಟ್. ಎಂಟರಿಂದ ಭಾಗಿಸಿದರೆ ಕಿಲೋಬೈಟ್. 2764 ಎಂದರೆ 8, 27128 ಎಂದರೆ 16, 27256 ಎಂದರೆ 32, 27512 ಎಂದರೆ 64. ನಡುವೆ 'ಸಿ' ಇದ್ದರೆ ಸಿಮಾಸ್, ಕರೆಂಟ್ ಕಡಿಮೆ ತಿನ್ನುತ್ತದೆ. ಹಳೆಯದರ ಜಾಗದಲ್ಲಿ ಹಾಕಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನಂಬರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ಇರುವುದು ಓದುವ ವೇಗ: 12 ಎಂದರೆ 120 ನ್ಯಾನೊಸೆಕೆಂಡ್, 25 ಎಂದರೆ 250. ಹಳೆಯದರಷ್ಟೇ ಅಥವಾ ಅದಕ್ಕಿಂತ ವೇಗದ್ದು ಇರಲಿ, ನಿಧಾನದ್ದು ಬೇಡ. ಬರೆಯುವ ವೋಲ್ಟೇಜ್ ಮಾತ್ರ ತಲೆನೋವು: 2716ಕ್ಕೆ 25, ಹಳೆಯ 2764ಕ್ಕೆ 21, ಈಚಿನವಕ್ಕೆ 12.5ರ ಆಸುಪಾಸು. ಟಿಎಲ್866 2 ಪ್ಲಸ್‌ನಂಥ ಅಗ್ಗದ ಪ್ರೋಗ್ರಾಮರ್ 18 ವೋಲ್ಟ್ ದಾಟುವುದಿಲ್ಲ, ಹಳೆಯವನ್ನು ಓದುತ್ತದೆ, ಬರೆಯಲಾರದು.

ಹಾಗಾಗಿ ಕಡಿಮೆ ಕಿಲೋಬೈಟಿನ ಹಳೇ ಚಿಪ್‌ನ ಸಾಕೆಟ್‌ಗೆ ಹೆಚ್ಚು ಕಿಲೋಬೈಟಿನ ಈಚಿನ ಚಿಪ್ ಕೂರಿಸುವುದೇ ರೂಢಿ. ಹೆಚ್ಚಿನವರು ಎಡವುವುದೂ ಇಲ್ಲೇ. 27256ರ ಸಾಕೆಟ್‌ನಲ್ಲಿ 1ನೇ ಕಾಲಿಗೆ ಸಾಮಾನ್ಯವಾಗಿ 5 ವೋಲ್ಟ್ ಕಟ್ಟಿರುತ್ತಾರೆ, ಏಕೆಂದರೆ ಆ ಚಿಪ್‌ನಲ್ಲಿ ಅದು ಬರೆಯುವ ವೋಲ್ಟೇಜಿನ ಕಾಲು. 27512ರಲ್ಲಿ ಅದೇ ಕಾಲು ಎ15 ಎಂಬ ವಿಳಾಸದ ಗೆರೆ, ಅಂದರೆ ಚಿಪ್‌ನ ಯಾವ ಜಾಗ ಓದಬೇಕೆಂದು ತಿಳಿಸುವ ಕಾಲುಗಳಲ್ಲೊಂದು. ಅದಕ್ಕೆ ಸದಾ 5 ವೋಲ್ಟ್ ಬರುವುದರಿಂದ ಯಂತ್ರ ಓದುವುದು ಚಿಪ್‌ನ ಮೇಲಿನ ಅರ್ಧವನ್ನು ಮಾತ್ರ. ಫೈಲನ್ನು ಕೆಳಗಿನ ಅರ್ಧದಲ್ಲಿ ಬರೆದು ಕೂರಿಸಿದರೆ ಪರದೆ ಸತ್ತಂತಿರುತ್ತದೆ, ಚಿಪ್ ನಕಲಿ ಎಂದು ಮಾರಿದವನಿಗೆ ಬೈಗುಳ ಬೀಳುತ್ತದೆ. ಫೈಲನ್ನು ಎರಡು ಸಲ ಬೆನ್ನಿಗೆ ಬೆನ್ನು ಬರೆದರೆ ಗೊಡವೆಯೇ ಇಲ್ಲ. 2764ರ ಫೈಲಾದರೆ ಎಂಟು ಸಲ ಬರೆಯಬೇಕು. ಅಲ್ಲಿ 26ನೇ ಕಾಲು ಬೋರ್ಡ್‌ನಲ್ಲಿ ಎಲ್ಲಿಗೂ ಸೇರದೆ ಗಾಳಿಯಲ್ಲಿ ತೂಗುತ್ತಿರಬಹುದು. ಮೀಟರ್ ಇಟ್ಟು ನೋಡಿ, ಹಾಗಿದ್ದರೆ 28ನೇ ಕಾಲಿಗೆ ಸಣ್ಣ ತಂತಿಯಿಂದ ಸೇರಿಸಿ.

ಯಾವುದನ್ನು ಕೊಳ್ಳುವುದು? ಪರೀಕ್ಷೆಗೆ ವಿನ್‌ಬಾಂಡ್ ಡಬ್ಲ್ಯೂ27ಸಿ512 ಸಲೀಸು. ಇದಕ್ಕೆ ಕಿಟಕಿ ಇಲ್ಲ, 14 ವೋಲ್ಟಿನಲ್ಲಿ ವಿದ್ಯುತ್ತಿನಿಂದಲೇ ಅಳಿಯುತ್ತದೆ, ತಪ್ಪಿದರೆ ಮತ್ತೆ ಬರೆಯಬಹುದು. ಎಲ್ಲ ಸರಿಯಿದೆ ಎಂದಾದ ಮೇಲೆ ಕೊನೆಯ ಪ್ರತಿಯನ್ನು ಒಂದೇ ಸಲ ಬರೆಯಬಲ್ಲ ಪ್ಲಾಸ್ಟಿಕ್ 27ಸಿ512ರಲ್ಲಿ ಬರೆದಿಡುವುದೇ ಕರಾವಳಿಗೆ ಸೂಕ್ತ. ಸ್ಟಿಕ್ಕರಿನ ರಗಳೆಯಿಲ್ಲ, ಬೆಳಕಿನ ಭಯವಿಲ್ಲ. 28ಸಿ256 ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅದರ 1 ಮತ್ತು 27ನೇ ಕಾಲುಗಳ ಕೆಲಸವೇ ಬೇರೆ, 27256ರ ಸಾಕೆಟ್‌ಗೆ ನೇರ ಹೊಂದುವುದಿಲ್ಲ. ಅದರ ತಮ್ಮ 28ಸಿ64 ಮಾತ್ರ 2764ರ ಜಾಗದಲ್ಲಿ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ.

ಆನ್‌ಲೈನಿನಲ್ಲಿ 'ಹೊಸದು' ಎಂದು ಬರುವ ಚಿಪ್‌ಗಳಲ್ಲಿ ಹಳೇ ಬೋರ್ಡ್‌ನಿಂದ ಕಿತ್ತು ಬಣ್ಣ ಬಳಿದವು ಬಹಳ. ಅಸಿಟೋನ್ ಅದ್ದಿದ ಹತ್ತಿಯಿಂದ ತಲೆ ಉಜ್ಜಿ. ಅಕ್ಷರ ಕರಗಿ ಕಪ್ಪು ಬಣ್ಣ ಹತ್ತಿಗೆ ಬಂದರೆ ಗೊತ್ತಾಯಿತಲ್ಲ. ಐಡಿ ಓದಿಸಿ: ವಿನ್‌ಬಾಂಡಿನದ್ದಾದರೆ ಡಿಎ 08, ಎಸ್‌ಟಿ ಕಂಪನಿಯ ಎಂ27ಸಿ512 ಆದರೆ 20 3ಡಿ ಬರಬೇಕು. ಕಿತ್ತದ್ದಾದರೂ ಅಡ್ಡಿಯಿಲ್ಲ, ಅಳಿಸಿದಾಗ ಎಲ್ಲ ಬೈಟ್ ಎಫ್‌ಎಫ್ (ಎಲ್ಲ ಬಿಟ್ 1, ಅಂದರೆ ಖಾಲಿ) ತೋರಿಸಿ, ಬರೆದದ್ದು 4.5 ಮತ್ತು 5.5 ವೋಲ್ಟ್ ಎರಡರಲ್ಲೂ ತಾಳೆಯಾದರೆ ಧಾರಾಳವಾಗಿ ಬಳಸಿ.

ಕಿಟಕಿಯ ಚಿಪ್‌ಗಳನ್ನೇ ಅಳಿಸಿ ಬಳಸುವವರಿಗೆ ನೀರಿನ ಪ್ಯೂರಿಫೈಯರ್‌ನ ಯುವಿ ಟ್ಯೂಬ್ ಸಾಕು, ಅದರದೇ ಚೋಕ್ ಜೊತೆಗೆ. ಅದು ಸೂಸುವುದು ಬೇಕಾದ 253.7 ನ್ಯಾನೊಮೀಟರ್ ಕಿರಣವನ್ನೇ. ಹೋಟೆಲಿನಲ್ಲಿ ನೊಣ ಸುಡುವ ನೀಲಿ ಟ್ಯೂಬ್ ನಡೆಯದು, ಅದರ ತರಂಗಾಂತರ ಹೆಚ್ಚು. ಟ್ಯೂಬಿನಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿ 20 ನಿಮಿಷ ಇಟ್ಟು ಪರೀಕ್ಷಿಸಿ, ಸಾಲದಿದ್ದರೆ ಇನ್ನಷ್ಟು ಹೊತ್ತು ಇಡಿ. ಎಷ್ಟಿಟ್ಟರೂ ಅಳಿಯದಿದ್ದರೆ ತಪ್ಪು ಹೆಚ್ಚಾಗಿ ಕಿಟಕಿಗೆ ಅಂಟಿದ ಹಳೇ ಗೋಂದಿನದು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಇದೆಲ್ಲ ಮುಚ್ಚಿದ ಡಬ್ಬಿಯೊಳಗೇ ನಡೆಯಲಿ. ಆ ಬೆಳಕು ಬರಿಗಣ್ಣಿಗೆ ಬಿದ್ದರೆ ರಾತ್ರಿಯಿಡೀ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿಯುತ್ತದೆ.

ಎಷ್ಟೋ ಸಲ ಕೆಟ್ಟಿರುವುದು ಚಿಪ್ಪೇ ಅಲ್ಲ. ಉಪ್ಪುಗಾಳಿಗೆ ಸಾಕೆಟ್‌ನ ತಗಡು ಹಸಿರುಗಟ್ಟಿ, ಬೆಳ್ಳಿ ಲೇಪದ ಕಾಲು ಕಪ್ಪಾಗಿ ಸಂಪರ್ಕ ಹೋಗಿರುತ್ತದೆ. ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಆಲ್ಕೋಹಾಲಿನಿಂದ ತೊಳೆಯಿರಿ. ಸಾಕೆಟ್ ಸಡಿಲಿದ್ದರೆ ಬದಲಾಯಿಸುವುದೇ ವಾಸಿ. ಬೋರ್ಡ್ ಮೇಲಿನ 3.6 ವೋಲ್ಟಿನ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಯನ್ನೂ ನೋಡಿ. ಅದು ಸೋರಿದರೆ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಸೋರಿದ್ದು ಕ್ಷಾರವಾದ್ದರಿಂದ ಬಿಳಿ ವಿನೆಗರ್ ಹಚ್ಚಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಹುಳಿಯೇ ತಾನೆ ಎಂದು ಮುರುಗಲ ರಸ ಹಚ್ಚಬೇಡಿ, ಅಂಟು ಉಳಿಯುತ್ತದೆ. ಆ ಬ್ಯಾಟರಿಯ ಆಸರೆಯಲ್ಲಿರುವ ರಾಮ್‌ನಲ್ಲಿ ಯಂತ್ರದ ಸೆಟ್ಟಿಂಗ್‌ಗಳಿರುತ್ತವೆ. ಬ್ಯಾಟರಿ ಕಿತ್ತರೆ ಅವೂ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಹೊಸ ಪ್ರೋಗ್ರಾಂ ಚಿಪ್ ಹಾಕಿದ ಮೇಲೆ ಯಂತ್ರ ಎರರ್ ತೋರಿಸಿದರೆ ಗಾಬರಿ ಬೇಡ, ಆ ರಾಮ್ ಅಳಿಸುವ ಕ್ರಮ ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ.

ಮೂಲ ಚಿಪ್ ಎಸೆಯಬೇಡಿ. ಕಪ್ಪು ಫೋಮಿಗೆ ಚುಚ್ಚಿಟ್ಟರೆ ಮಳೆಗಾಲದಲ್ಲಿ ಫೋಮ್ ತೇವ ಹೀರಿ ಕಾಲುಗಳನ್ನು ತಿನ್ನುತ್ತದೆ. ಕಿಟಕಿಗೆ ಅಲ್ಯುಮಿನಿಯಂ ಸ್ಟಿಕ್ಕರ್ ಹಚ್ಚಿ, ಆಂಟಿಸ್ಟ್ಯಾಟಿಕ್ ಟ್ಯೂಬಿಗೆ ಸೇರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚೆಕ್‌ಸಮ್ ಬರೆದ ಚೀಟಿಯೂ ಅದೇ ಡಬ್ಬಿಯೊಳಗಿರಲಿ.