ಮೊತ್ತ ಹಾಕಿದರೆ ಸೊನ್ನೆ ಯಾಕೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ದೇಣಿಗೆ ಪಟ್ಟಿಯನ್ನು ಸ್ವಲ್ಪ ವಾಟ್ಸ್‌ಆ್ಯಪ್‌ನಿಂದ, ಸ್ವಲ್ಪ ಬ್ಯಾಂಕಿನ ವೆಬ್ ಪುಟದಿಂದ ಎಕ್ಸೆಲ್‌ಗೆ ಅಂಟಿಸಿದೆ. ಸಮ್ ಹಾಕಿದರೆ ಸೊನ್ನೆ. ಫಾರ್ಮ್ಯಾಟ್ ‘ನಂಬರ್’ ಮಾಡಿದರೂ ಅಷ್ಟೇ. ಏನು ಮಾಡಲಿ?

ಉತ್ತರ: ನಿಮ್ಮ ಕಣ್ಣಿಗೆ 501 ಎಂದು ಕಾಣುವುದು ಎಕ್ಸೆಲ್‌ಗೆ ಬರೀ ಅಕ್ಷರ. ಅಂಥ ಸೆಲ್‌ಗಳನ್ನು ಸಮ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಫಾರ್ಮ್ಯಾಟ್ ಬದಲಿಸಿದರೆ ತೋರಿಕೆ ಬದಲಾಗಬಹುದು, ಒಳಗಿರುವುದು ಹಾಗೇ ಇರುತ್ತದೆ.

ಸೊನ್ನೆ ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ತಪ್ಪು ತಕ್ಷಣ ಕಂಡಿತು. ಅರ್ಧ ಸೆಲ್‌ಗಳು ಸರಿಯಿದ್ದಿದ್ದರೆ ಮೊತ್ತ ಕಡಿಮೆ ಬಂದು, ಯಾರ ಗಮನಕ್ಕೂ ಬಾರದೆ ಸಭೆಯ ಲೆಕ್ಕಪತ್ರಕ್ಕೆ ಸೇರಿಬಿಡುತ್ತಿತ್ತು. ಹಾಗಾಗಿ, ಮೊತ್ತಗಳು ಬಿ2ರಿಂದ ಬಿ85ರವರೆಗೆ ಇವೆ ಎಂದಿಟ್ಟುಕೊಂಡು, ಮೊದಲು =ಕೌಂಟ್ಎ(ಬಿ2:ಬಿ85) ಮತ್ತು =ಕೌಂಟ್(ಬಿ2:ಬಿ85) ಎರಡನ್ನೂ ಹಾಕಿ ನೋಡಿ. ಮೊದಲನೆಯದು ತುಂಬಿದ ಸೆಲ್‌ಗಳನ್ನೆಲ್ಲ, ಎರಡನೆಯದು ಅಂಕಿಯಿರುವ ಸೆಲ್‌ಗಳನ್ನಷ್ಟೇ ಎಣಿಸುತ್ತದೆ. ನಿಮಗೀಗ ಎರಡನೆಯದು ಸೊನ್ನೆ ಬರುತ್ತದೆ. ಬೇರೆ ಪಟ್ಟಿಯಲ್ಲಿ ಮೊದಲನೆಯದು 84, ಎರಡನೆಯದು 61 ಬಂದರೆ 23 ಸೆಲ್‌ಗಳಲ್ಲಿ ಅಂಕಿಯಿಲ್ಲ ಎಂದರ್ಥ. (ಸೂತ್ರಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇವೆ, ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಪಕ್ಕದ ಖಾಲಿ ಕಾಲಂನಲ್ಲಿ, ಅಕ್ಷರವನ್ನು ಅಂಕಿಯಾಗಿ ಬದಲಿಸುವ =ವ್ಯಾಲ್ಯೂ(ಬಿ2) ಹಾಕಿ ಕೆಳಗಿನವರೆಗೆ ಎಳೆಯಿರಿ. ಸೂತ್ರವೇ ಕಾಣಿಸಿದರೆ ಆ ಕಾಲಂನ ಫಾರ್ಮ್ಯಾಟ್ ‘ಟೆಕ್ಸ್ಟ್’ ಆಗಿದೆ. ‘ಜನರಲ್’ ಮಾಡಿ ಸೂತ್ರವನ್ನು ಮತ್ತೆ ಹಾಕಿ.

ಕೆಲವು ಸಾಲುಗಳಲ್ಲಿ #ವ್ಯಾಲ್ಯೂ! ಎಂಬ ದೋಷ ಬಂದೇ ಬರುತ್ತದೆ. ನಮ್ಮವರು ದೇಣಿಗೆಯನ್ನು 501/- ಎಂದೋ ರೂ. 501 ಎಂದೋ ಬರೆಯುತ್ತಾರಲ್ಲ, ಅದನ್ನು ವ್ಯಾಲ್ಯೂ ಅಂಕಿಯೆಂದು ಒಪ್ಪುವುದಿಲ್ಲ. ಇನ್ನೊಂದು ತೊಡಕು ಕಣ್ಣಿಗೇ ಕಾಣದು: ವೆಬ್ ಪುಟದಿಂದ ನಕಲು ಮಾಡಿದ ಅಂಕಿಯ ಕೊನೆಯಲ್ಲಿ ಒಂದು ವಿಶೇಷ ಖಾಲಿ ಜಾಗ ಅಂಟಿಕೊಂಡಿರಬಹುದು. ಹೆಚ್ಚುವರಿ ಖಾಲಿ ಜಾಗ ತೆಗೆಯುವ ಟ್ರಿಮ್ ಸೂತ್ರವೂ ಅದನ್ನು ತೆಗೆಯುವುದಿಲ್ಲ. =ಕೋಡ್(ರೈಟ್(ಬಿ2,1)) ಹಾಕಿದಾಗ 160 ಬಂದರೆ ಅದೇ ಕಳ್ಳ. ‘/-’ ಮತ್ತು ಈ ಖಾಲಿ ಜಾಗ ಎರಡನ್ನೂ ಒಟ್ಟಿಗೆ ತೆಗೆಯಲು:

=ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಸಬ್‌ಸ್ಟಿಟ್ಯೂಟ್(ಬಿ2,"/-",""),ಚಾರ್(160),""))

‘ರೂ.’ ಇದ್ದರೆ ವ್ಯಾಲ್ಯೂ ಒಳಗೇ ಅದಕ್ಕೂ ಇನ್ನೊಂದು ಸಬ್‌ಸ್ಟಿಟ್ಯೂಟ್ ಸುತ್ತಿ. ದೋಷಗಳೆಲ್ಲ ಹೋದ ಮೇಲೆ ಹೊಸ ಕಾಲಂ ನಕಲು ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ‘ವ್ಯಾಲ್ಯೂಸ್’ ಆರಿಸಿ ಬಿ ಕಾಲಂ ಮೇಲೆ ಅಂಟಿಸಿ, ಕೌಂಟ್ ಮತ್ತೊಮ್ಮೆ ನೋಡಿ.

ಹಣದ ಕಾಲಂ ಬಿಟ್ಟು ಬೇರೆಲ್ಲೂ ಇದನ್ನು ದಯವಿಟ್ಟು ಓಡಿಸಬೇಡಿ. ಅಕ್ಷರವಾಗಿ ಉಳಿಸಿದ ಫ್ಲ್ಯಾಟ್ ಸಂಖ್ಯೆ 3/12 ಅನ್ನು ವ್ಯಾಲ್ಯೂ ತಾರೀಖೆಂದು ಓದಿ 46 ಸಾವಿರದ ಆಸುಪಾಸಿನ ಅಂಕಿ ಕೊಡುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳು ಹೋಗುತ್ತವೆ. ಎಕ್ಸೆಲ್ 15 ಅಂಕೆಗಳಷ್ಟನ್ನೇ ನಿಖರವಾಗಿ ಹಿಡಿಯುವುದರಿಂದ 16ನೆಯ ಅಂಕೆ ಸೊನ್ನೆಯಾಗುತ್ತದೆ. ಹಾಗೆ ಅಳಿದ ಅಂಕೆ ಯಾವ ಸೂತ್ರ ಹಾಕಿದರೂ ಮರಳಿ ಬರುವುದಿಲ್ಲ, ಮೂಲ ಕಡತ ತೆರೆದೇ ನೋಡಬೇಕು.