ನೂರು ಮರಕ್ಕೆ ಕೈ ಹಚ್ಚಿ, ಉಳಿದದ್ದನ್ನು ಕಾಡಿಗೇ ಬಿಡಿ

ಉಳುಮೆ ನಿಂತ ಹೊಲ, ದನ ಬಿಡುವುದನ್ನು ನಿಲ್ಲಿಸಿದ ಹುಲ್ಲುಗಾವಲು, ನಾಟಾ ಕಡಿದು ಕೈಬಿಟ್ಟ ಜಾಗ: ಉಷ್ಣವಲಯದಲ್ಲಿ ಮಳೆ ಚೆನ್ನಾಗಿದ್ದು ಬೆಂಕಿ ಬೀಳದಿದ್ದರೆ ಇವೆಲ್ಲ ತಾವಾಗಿಯೇ ಮತ್ತೆ ಕಾಡಾಗುತ್ತವೆ. ಲ್ಯಾಟಿನ್ ಅಮೆರಿಕದ 45 ತಾಣಗಳ ಅಳತೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕಾಡು 20 ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 122 ಟನ್ ಒಣತೂಕದಷ್ಟು ಮರಗಿಡ ಕಟ್ಟಿಕೊಳ್ಳುತ್ತದೆ. ಹಳೆಯ ಕಾಡಿನ ತೂಕದ ಶೇ 90ರಷ್ಟನ್ನು ಮುಟ್ಟಲು ಸುಮಾರು 66 ವರ್ಷ ಬೇಕು. ಆದರೆ ಅಷ್ಟು ವರ್ಷ ಆ ಕಾಡನ್ನು ಯಾರು ಉಳಿಸುತ್ತಾರೆ? ದಕ್ಷಿಣ ಕೋಸ್ಟರಿಕಾದಲ್ಲಿ ಹಳೆಯ ವೈಮಾನಿಕ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಮರುಹುಟ್ಟಿದ ಕಾಡುಗಳಲ್ಲಿ ಅರ್ಧದಷ್ಟನ್ನು 20 ವರ್ಷ ತುಂಬುವುದರೊಳಗೆ ಮತ್ತೆ ಸವರಿಹಾಕಿದ್ದು ಕಂಡುಬಂತು.

ಹಾಗಾಗಿ ಮೊದಲ 20 ವರ್ಷದೊಳಗೆ ಕಾಡು ತನ್ನ ಒಡೆಯನಿಗೆ ಏನಾದರೂ ಕೊಡಲೇಬೇಕು. ಕೊಡದ ಕಾಡು ನಿಲ್ಲುವುದಿಲ್ಲ. ಸಂರಕ್ಷಣೆ ಬೇರೆ, ಆದಾಯ ಬೇರೆ ಎಂದು ಎರಡು ಖಾತೆ ಇಡುವ ಪದ್ಧತಿ ಎಳೆಯ ಕಾಡಿನಲ್ಲಿ ನಡೆಯದು.

ಕೆಲಸ ಶುರುವಾಗಬೇಕಾದದ್ದು ಎಣಿಕೆಯಿಂದ. ಕಾಡಿನೊಳಗೆ ಹಗ್ಗ ಹಿಡಿದು 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಗಳನ್ನು ಗುರುತಿಸಿ. ಹೆಕ್ಟೇರಿಗೆ ಇಂಥವು 100 ಆಗುತ್ತವೆ. ಜಾಗ ದೊಡ್ಡದಿದ್ದರೆ ಸಾಲು ಹಿಡಿದು ಕೆಲವನ್ನು ಮಾತ್ರ ನೋಡಿದರೂ ಸಾಕು. ಪ್ರತಿ ಚೌಕದಲ್ಲಿ ಒಂದೇ ಒಂದು ಮರವನ್ನು ಆರಿಸಬೇಕು: ಬೆಲೆ ಬರುವ ಜಾತಿ, ನೆಟ್ಟಗಿನ ಕಾಂಡ, ಆರೋಗ್ಯವಾದ ತಲೆ. ಅಂಥದ್ದು ಇಲ್ಲದಿದ್ದರೆ 'ಖಾಲಿ' ಎಂದು ಬರೆಯಿರಿ. ಚೌಕ ತುಂಬಲೆಂದು ಡೊಂಕು ಮರವನ್ನು ಲೆಕ್ಕಕ್ಕೆ ಸೇರಿಸಬೇಡಿ. ಆರಿಸಿದ ಮರಕ್ಕೆ ಎಷ್ಟು ಬೆಳಕು ಸಿಗುತ್ತಿದೆ ಎಂಬುದನ್ನೂ 1ರಿಂದ 5ರವರೆಗಿನ ಅಂಕದಲ್ಲಿ ಬರೆದಿಡಿ. ಮೇಲಿನಿಂದಲೂ ಸುತ್ತಲಿಂದಲೂ ಬಿಸಿಲು ಬಿದ್ದರೆ 5, ಮೇಲಿನಿಂದ ಪೂರ್ತಿ ಬಿದ್ದರೆ 4, ಮೇಲಿನಿಂದ ಅಷ್ಟಿಷ್ಟು ಬಿದ್ದರೆ 3, ಬದಿಯಿಂದ ಮಾತ್ರ ಬಂದರೆ 2, ನೇರ ಬೆಳಕೇ ಇಲ್ಲದಿದ್ದರೆ 1.

ಮುಂದೇನು ಮಾಡಬೇಕೆಂದು ಈ ಪಟ್ಟಿಯೇ ಹೇಳುತ್ತದೆ. 100ರಲ್ಲಿ 60 ಚೌಕಗಳಲ್ಲಿ ಒಳ್ಳೆಯ ಮರವಿದ್ದರೆ ಒಂದು ಸಸಿಯನ್ನೂ ನೆಡಬೇಕಿಲ್ಲ, ಇದ್ದವಕ್ಕೆ ಬೆಳಕು ಕೊಟ್ಟರಾಯಿತು. 4 ಮತ್ತು 5 ಅಂಕದವನ್ನು ಮುಟ್ಟಬೇಡಿ, ಅವು ಈಗಾಗಲೇ ಗೆದ್ದಿವೆ. ಬೆಳಕು ಕೊಟ್ಟಾಗ ಹೆಚ್ಚು ಲಾಭ ಕಾಣುವುದು 2 ಮತ್ತು 3ರಲ್ಲಿ. ಬಹಳ ಕಾಲ 1ರಲ್ಲೇ ಉಳಿದು ತಲೆ ಸಣಕಲಾದ ಮರ ಬೆಳಕು ಕೊಟ್ಟರೂ ಏಳದಿರುವುದುಂಟು.

ಬೆಳಕು ಕೊಡುವುದೆಂದರೆ ಆರಿಸಿದ ಮರದ ತಲೆಯನ್ನು ಮೇಲಿನಿಂದ ಮುಚ್ಚಿದ ಅಥವಾ ಬದಿಯಿಂದ ಒತ್ತುತ್ತಿರುವ ಒಂದೆರಡು ಮರಗಳನ್ನು ತೆಗೆಯುವುದು, ಅಷ್ಟೇ. ಕೆಳಗಿನ ಪೊದೆ, ಸಸಿ, ಅಕ್ಕಪಕ್ಕದ ಗಿಡ್ಡ ಮರಗಳು ಅದಕ್ಕೆ ಅಡ್ಡಿಯಲ್ಲ. ಈ ಕೆಲಸದಲ್ಲಿ ಪದೇ ಪದೇ ಆಗುವ ಅನಾಹುತ 'ಸ್ವಚ್ಛ' ಮಾಡುವ ಚಟದಿಂದ ಬರುತ್ತದೆ. ಕೂಲಿಯಾಳುಗಳ ಕೈಗೆ ಮಚ್ಚು ಕೊಟ್ಟು 'ಕಾಡು ತಿಳಿಯಾಗಲಿ' ಎಂದರೆ ನೆಲಮಟ್ಟದ ಸಸಿಗಳೆಲ್ಲ ಹೋಗುತ್ತವೆ. ಮುಂದಿನ ಐವತ್ತು ವರ್ಷದ ಮರಗಳು ಅವೇ ಆಗಿದ್ದವು. ತೆರೆದ ನೆಲಕ್ಕೆ ಹುಲ್ಲು, ಬಳ್ಳಿ ನುಗ್ಗುತ್ತವೆ, ಹುಲ್ಲಿನ ಹಿಂದೆ ಬೆಂಕಿ ಬರುತ್ತದೆ. ಆದ್ದರಿಂದ ಉಳಿಸುವ ಮರಕ್ಕೂ ಕಡಿಯುವ ಮರಕ್ಕೂ ಬೇರೆ ಬೇರೆ ಬಣ್ಣ ಬಳಿಯಿರಿ. ಬಣ್ಣ ಇಲ್ಲದ ಯಾವುದಕ್ಕೂ ಕತ್ತಿ ಮುಟ್ಟಬಾರದು ಎಂಬ ಕಟ್ಟಳೆ ಇರಲಿ.

ತೆಗೆಯುವ ಮರ ಮಾರಾಟವಾಗುವಂಥದ್ದಾದರೆ ಕಡಿಯಿರಿ. ಇಲ್ಲದಿದ್ದರೆ ನಿಂತಲ್ಲೇ ಒಣಗಿಸುವುದು ಮೇಲು: ಕಾಂಡದ ಸುತ್ತ 10ರಿಂದ 15 ಸೆಂಟಿಮೀಟರ್ ಅಗಲಕ್ಕೆ ತೊಗಟೆ ಸುಲಿದು, ಅದರಡಿಯ ಲೋಳೆಪದರವನ್ನೂ ಕೆರೆದುಹಾಕಬೇಕು. ಕಾಂಡದಲ್ಲಿ ಮಡಿಕೆ, ತೋಡುಗಳಿದ್ದರೆ ಅವುಗಳೊಳಗೆ ಬೆರಳಗಲದ ತೊಗಟೆ ಉಳಿದರೂ ಸಾಕು, ರಸ ಹರಿದು ಉಂಗುರ ಮತ್ತೆ ಕೂಡಿಕೊಳ್ಳುತ್ತದೆ. ಸರಿಯಾಗಿ ಸುಲಿದ ಮರ ರೆಂಬೆ ರೆಂಬೆಯಾಗಿ ಉದುರುವುದರಿಂದ ಕೆಳಗಿನ ಸಸಿಗಳು ಜಜ್ಜಿಹೋಗುವುದಿಲ್ಲ. ನಿಂತ ಒಣಮರದಲ್ಲಿ ಮರಕುಟಿಗ ಗೂಡು ಕೊರೆಯುತ್ತದೆ, ಆ ಪೊಟರೆಗೆ ಮುಂದೆ ಬೇರೆ ಹಕ್ಕಿಗಳು ಬರುತ್ತವೆ. ಓಡಾಡುವ ದಾರಿಯ ಪಕ್ಕದಲ್ಲಿ ಮಾತ್ರ ಹೀಗೆ ಮಾಡಬೇಡಿ, ತಲೆಯ ಮೇಲೆ ಬೀಳುವ ರೆಂಬೆ ಸದ್ದು ಮಾಡಿ ಬರುವುದಿಲ್ಲ.

ಬಳ್ಳಿಗಳ ವಿಷಯದಲ್ಲೂ ಇದೇ ಲೆಕ್ಕ. ಆರಿಸಿದ ಮರವನ್ನು ಹತ್ತಿದ ಬಳ್ಳಿಯನ್ನು ಮೊಣಕಾಲೆತ್ತರದಲ್ಲಿ ಒಮ್ಮೆ, ಎದೆಯೆತ್ತರದಲ್ಲಿ ಇನ್ನೊಮ್ಮೆ ಕತ್ತರಿಸಿ ನಡುವಿನ ತುಂಡನ್ನು ತೆಗೆದುಬಿಡಿ. ಒಂದೇ ಕಡೆ ಕತ್ತರಿಸಿದರೆ ಬುಡದ ಚಿಗುರು ಜೋತ ತುದಿಯನ್ನೇ ಹಿಡಿದು ಹತ್ತುತ್ತದೆ. ಮರ ಕಡಿಯುವುದಿದ್ದರೆ ಈ ಕೆಲಸ ಆರು ತಿಂಗಳಿಂದ ಒಂದು ವರ್ಷ ಮೊದಲೇ ಮುಗಿದಿರಬೇಕು; ಹಸಿ ಬಳ್ಳಿ ಒಂದು ಮರದ ಜೊತೆ ನಾಲ್ಕನ್ನು ಎಳೆದು ಕೆಡವುತ್ತದೆ. ಉಳಿದ ಬಳ್ಳಿಗಳನ್ನು ಬಿಡಿ. ಆಲ, ಅತ್ತಿ, ಬಸರಿಯ ಜಾತಿಯವಂತೂ ಬೆಲೆಯಿಲ್ಲದ ಮರಗಳೆಂದು ಮೊದಲು ಕೊಡಲಿಗೆ ಸಿಗುತ್ತವೆ. ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಹಕ್ಕಿ, ಬಾವಲಿಗಳನ್ನು ಕರೆತರುವುವು ಅವೇ, ಹಳೆಯ ಕಾಡಿನ ಬೀಜ ಬರುವುದು ಆ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ. ಅವುಗಳ ಬುಡಕ್ಕೆ ಕೈ ಹಾಕಬೇಡಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ.

ಖಾಲಿ ಚೌಕಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ನೆಡುವ ಯೋಚನೆ. 10 ಮೀಟರಿಗೊಂದು ಸಾಲು ಬಿಡಿಸಿ, ಸಾಲಿನಲ್ಲಿ 5 ಮೀಟರಿಗೊಂದು ಸಸಿ ಇಟ್ಟರೆ ಹೆಕ್ಟೇರಿಗೆ 200 ಸಸಿ. ಸಾಲನ್ನು 2ರಿಂದ 3 ಮೀಟರ್ ಅಗಲ ಬಿಡಿಸಿದರಷ್ಟೇ ಸಾಲದು, ನೆತ್ತಿಯ ಮೇಲಿನ ಕೊಂಬೆಗಳೂ ತೆರೆದಿರಬೇಕು. ಹೀಗೆ ನೆಟ್ಟ ಸಸಿಗಳು ಹೆಚ್ಚಾಗಿ ಸೋಲುವುದು ಇಲ್ಲೇ: ಮೊದಲ ವರ್ಷ ಹಸಿರಾಗಿ ನಿಂತು, ಮೂರನೇ ವರ್ಷಕ್ಕೆ ಬೆಳಕಿಲ್ಲದೆ ಸೊರಗುತ್ತವೆ. ಮೊಣಕಾಲಿಗಿಂತ ಎತ್ತರದ ಗಟ್ಟಿ ಸಸಿ ಆರಿಸಿ, ಮೂರು ವರ್ಷ ಬುಡ ಬಿಡಿಸುವ ಖರ್ಚನ್ನು ಮೊದಲೇ ಕೂಡಿಸಿಕೊಳ್ಳಿ. ಮಹಾಗನಿ, ಸೆಡ್ರೆಲಾ, ಗಂಧಗರಿಗೆಗಳನ್ನು ಒತ್ತೊತ್ತಾಗಿ ಬಯಲಲ್ಲಿ ನೆಟ್ಟರೆ ಹಿಪ್ಸಿಪೈಲಾ ಪತಂಗದ ಹುಳು ಕುಡಿ ಕೊರೆದು ಮರ ಕವಲೊಡೆಯುತ್ತದೆ. ಬದಿಯ ನೆರಳಿನಲ್ಲಿ, ಬೇರೆ ಜಾತಿಗಳ ನಡುವೆ ದೂರ ದೂರ ನೆಟ್ಟರೆ ಹಾನಿ ಕಡಿಮೆ.

ನೆಲ ಇನ್ನೂ ಹುಲ್ಲಿನ ಹಂತದಲ್ಲೇ ಇದ್ದರೆ ದಾರಿ ಬೇರೆ. ಏಷ್ಯಾದಲ್ಲಿ ಕೋಗೊನ್, ಅಲಂಗ್-ಅಲಂಗ್ ಎಂದೆಲ್ಲ ಕರೆಯುವ ಇಂಪೆರಾಟಾ ಹುಲ್ಲನ್ನು ಕೊಯ್ದಷ್ಟೂ ಅದು ಚಿಗುರುತ್ತದೆ. ಫಿಲಿಪೀನ್ಸ್‌ನಲ್ಲಿ ರೂಢಿಗೆ ಬಂದ ಉಪಾಯವೆಂದರೆ ಒಂದು ಮೀಟರಿನಷ್ಟು ಉದ್ದದ ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು, ಹಲಗೆಯನ್ನು ಕಾಲಲ್ಲಿ ಮೆಟ್ಟುತ್ತಾ ಹುಲ್ಲನ್ನು ಒಂದೇ ದಿಕ್ಕಿಗೆ ಮಲಗಿಸುವುದು. ಕಾಂಡ ತುಂಡಾಗದೆ ಬಾಗಿದರೆ ಹೊಸ ಚಿಗುರು ತಡವಾಗುತ್ತದೆ, ನಡುವಿನ ಸಸಿಗಳಿಗೆ ಬಿಸಿಲು ಸಿಗುತ್ತದೆ. ಮೊದಲು ಪ್ರತಿ ಸಸಿಗೂ ಕೋಲು ನೆಟ್ಟು ಗುರುತು ಮಾಡಿ, ಸುತ್ತ ಅರ್ಧ ಮೀಟರ್ ಕಳೆ ಕೀಳಬೇಕು. ಬೇಸಿಗೆಗೆ ಮೊದಲು ಬೆಂಕಿರೇಖೆ ಎಳೆಯದಿದ್ದರೆ ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಬೂದಿ.

ಹಣ ಎಲ್ಲಿಂದ? ಮೊದಲ ಹತ್ತು ವರ್ಷ ಬೆಳಕಿಗಾಗಿ ಕಡಿದ ಮರಗಳಿಂದಲೇ ಗೂಟ, ಗಳ, ಸೌದೆ ಸಿಗುತ್ತವೆ. ಬೇಗ ಬೆಳೆಯುವ ಹಗುರ ಮರಗಳನ್ನು ಕಸವೆಂದು ಕಾಣಬಾರದು. ಪೆರುವಿನ ಅಮೆಜಾನ್ ರೈತರು ಬೀಳು ಹೊಲದಲ್ಲಿ ತಾನಾಗಿ ಏಳುವ ಬೊಲೈನಾ ಮರವನ್ನು ಹತ್ತು ವರ್ಷದೊಳಗೇ ಕಡಿದು ಹಲಗೆ ಮಾಡುತ್ತಾರೆ. ಇಂಥ ಮರವನ್ನು ಕಡಿದ ಕೆಲವೇ ದಿನಗಳಲ್ಲಿ ಕೊಯ್ದು ಗಾಳಿಗೆ ಒಡ್ಡಬೇಕು, ದಿಮ್ಮಿಯಾಗಿ ಬಿದ್ದಿದ್ದರೆ ಶಿಲೀಂಧ್ರ ಹಿಡಿದು ನೀಲಿಗಟ್ಟಿ ಬೆಲೆ ಕಳೆದುಕೊಳ್ಳುತ್ತದೆ. ಬೋರ್ನಿಯೊದ ಕಾಲಿಮಂತನ್‌ನಲ್ಲಿ ಭತ್ತದ ಜೊತೆಗೇ ಬೆತ್ತದ ಸಸಿ ಇಟ್ಟು ಹೊಲವನ್ನು ಬೀಳು ಬಿಡುತ್ತಾರೆ; ಏಳುವ ಮರಗಳನ್ನೇ ಹಿಡಿದು ಬೆತ್ತ ಹತ್ತುತ್ತದೆ. ಮರ ಕಡಿದರೆ ಬೆತ್ತಕ್ಕೆ ಆಸರೆ ಇಲ್ಲ, ಹಾಗಾಗಿ ಕಾಡು ಉಳಿಯುತ್ತದೆ. ಕೋಸ್ಟರಿಕಾದ 1996ರ ಅರಣ್ಯ ಕಾಯ್ದೆ ಇಂಗಾಲ, ನೀರು, ಜೀವವೈವಿಧ್ಯ, ನಿಸರ್ಗದ ಚೆಲುವು ಎಂಬ ನಾಲ್ಕು ಸೇವೆಗಳಿಗಾಗಿ ಭೂಮಾಲೀಕರಿಗೆ ಹಣ ಕೊಡುವ ದಾರಿ ತೆರೆಯಿತು. ಆದರೆ ಮರ ಬಲಿತ ಮೇಲೆ ಕಡಿಯುವ ಹಕ್ಕೇ ಹೋಗುತ್ತದೆ ಎಂಬ ಭಯ ಇರುವಲ್ಲಿ ಜನ ಅದನ್ನು ಎಳೆಯದಾಗಿರುವಾಗಲೇ ಸವರುತ್ತಾರೆ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಬಣ್ಣದ ಡಬ್ಬಿ ತೆರೆಯುವ ಮೊದಲೇ ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.

ಆರಿಸಿದ ಪ್ರತಿ ಮರಕ್ಕೂ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ವರ್ಷಕ್ಕೊಮ್ಮೆ ಅದೇ ಗೆರೆಯ ಮೇಲೆ ಟೇಪು ಹಿಡಿಯಿರಿ. ಈಗ 12 ಸೆಂಟಿಮೀಟರ್ ದಪ್ಪ (ವ್ಯಾಸ) ಇರುವ ಮರ ವರ್ಷಕ್ಕೆ 1 ಸೆಂಟಿಮೀಟರ್ ಬೆಳೆದರೆ, ಕಡಿಯುವ ದಪ್ಪವೆಂದು ಇಟ್ಟುಕೊಂಡ 45 ಮುಟ್ಟಲು 33 ವರ್ಷ, ಒಂದೂವರೆ ಬೆಳೆದರೆ 22 ವರ್ಷ. ಬೆಳಕು ಕೊಟ್ಟ ಮೇಲೆ ಕೆಲವು ವರ್ಷ ಬೆಳವಣಿಗೆ ಏರಿ, ತಲೆಗಳು ಮತ್ತೆ ಕೂಡಿಕೊಂಡಾಗ ಇಳಿಯುತ್ತದೆ. ಸತತ ಎರಡು ವರ್ಷ ಬೆಳವಣಿಗೆ ಇಳಿದರೆ, ಬಣ್ಣ ಹಿಡಿದು ಎರಡನೇ ಸುತ್ತಿಗೆ ಹೋಗುವ ಹೊತ್ತಾಯಿತು.