ಹಾರ್ನ್ ಸತ್ತು ಏರ್‌ಬ್ಯಾಗ್ ಲೈಟ್ ಹತ್ತಿದರೆ: ಕ್ಲಾಕ್ ಸ್ಪ್ರಿಂಗ್ ಒಳಗೆ ಏನಿದೆ, ಬದಲಿಸುವುದು ಹೇಗೆ

ಸ್ಟೀರಿಂಗ್ ನೇರವಾಗಿದ್ದಾಗ ಹಾರ್ನ್ ಬಾರಿಸಲ್ಲ, ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಬಾರಿಸುತ್ತದೆ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಒಮ್ಮೆ ಕೆಲಸ ಮಾಡುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ಮೀಟರ್‌ನಲ್ಲಿ ಏರ್‌ಬ್ಯಾಗ್ ಲೈಟ್ ಆರುವುದೇ ಇಲ್ಲ. ಈ ಮೂರೂ ಒಟ್ಟಿಗೆ ಬಂದರೆ ಹೆಚ್ಚುಕಡಿಮೆ ಕ್ಲಾಕ್ ಸ್ಪ್ರಿಂಗ್, ಅಂದರೆ ತಿರುಗುವ ಸ್ಟೀರಿಂಗ್ ಚಕ್ರಕ್ಕೆ ವೈರ್ ದಾಟಿಸುವ ಡಬ್ಬಿ, ಹೋಗಿದೆ ಅಂತಲೇ ಲೆಕ್ಕ. ನಮ್ಮಲ್ಲಿ ಎಷ್ಟೋ ಜನ ಇದನ್ನು ಬರೀ ಹಾರ್ನ್ ತೊಂದರೆ ಅಂದುಕೊಂಡು, ಡ್ಯಾಶ್‌ಬೋರ್ಡಿಗೆ ಬೇರೆ ಸ್ವಿಚ್ ಹಾಕಿಸಿ, ಕೆಂಪು ಲೈಟ್ ಉರಿಯುತ್ತಿದ್ದಂತೆಯೇ ವರ್ಷಗಟ್ಟಲೆ ಓಡಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ. ಹಾರ್ನಿನ ವೈರ್ ಹೋಗುವ ದಾರಿಯಲ್ಲೇ ಡ್ರೈವರ್ ಏರ್‌ಬ್ಯಾಗಿನ ವೈರೂ ಹೋಗುತ್ತದೆ. ದಾರಿ ಕಡಿದಿದ್ದರೆ, ಡಿಕ್ಕಿಯಾದಾಗ ಆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ.

ಇಲ್ಲಿರುವ ಸಮಸ್ಯೆ ನಿಜಕ್ಕೂ ಕಷ್ಟದ್ದು. ಸ್ಟೀರಿಂಗ್ ಚಕ್ರ ತಿರುಗುತ್ತದೆ, ಅದರ ಕೆಳಗಿನ ಕಾಲಂ (ಸ್ಟೀರಿಂಗ್ ಕಂಬ) ಕವಚ ಅಲ್ಲಾಡುವುದಿಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಚಕ್ರ ಮೂರು, ಮೂರೂವರೆ ಸುತ್ತು ಹೊಡೆಯುತ್ತದೆ. ಮಾಮೂಲಿ ವೈರ್ ಎಳೆದರೆ ನಾಲ್ಕು ದಿನದಲ್ಲಿ ತಿರುಚಿ ಕಿತ್ತುಹೋಗುತ್ತದೆ. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಲ್ಲಿ ಇದಕ್ಕೆ ಸುಲಭದ ಉಪಾಯವಿತ್ತು: ಚಕ್ರದ ಬೆನ್ನಿಗೆ ಒಂದು ಲೋಹದ ಬಳೆ, ಅದನ್ನು ಒತ್ತಿಕೊಂಡು ಉಜ್ಜುವ ಒಂದು ಸಣ್ಣ ಸ್ಪ್ರಿಂಗ್ ಮೊಳೆ. ಹಾರ್ನಿಗೆ ಇಷ್ಟು ಸಾಕು. ಧೂಳು ಕೂತು ಒಮ್ಮೆ ಸಂಪರ್ಕ ತಪ್ಪಿದರೆ ಇನ್ನೊಮ್ಮೆ ಒತ್ತಿದರಾಯಿತು, ಅಲ್ವಾ?

ಏರ್‌ಬ್ಯಾಗಿಗೆ ಇನ್ನೊಮ್ಮೆ ಅನ್ನುವುದೇ ಇಲ್ಲ. ಅದರೊಳಗಿನ ಕಿಡಿ ಹೊತ್ತಿಸುವ ಭಾಗ ಸುಮಾರು 2 ಓಮ್ ರೋಧದ ಒಂದು ಸಣ್ಣ ತಂತಿ. ಏರ್‌ಬ್ಯಾಗ್ ಕಂಪ್ಯೂಟರ್ ಆ ತಂತಿಯಲ್ಲಿ ತೀರಾ ಸಣ್ಣ ಕರೆಂಟ್ ಹರಿಸಿ, ದಾರಿ ಸರಿಯಾಗಿದೆಯಾ ಅಂತ ಕಾರು ಆನ್ ಇರುವಷ್ಟು ಹೊತ್ತೂ ನೋಡುತ್ತಲೇ ಇರುತ್ತದೆ. ಡಿಕ್ಕಿಯಾದಾಗ ಅದೇ ದಾರಿಯಲ್ಲಿ 1.2 ಆಂಪಿಯರ್ ಆಸುಪಾಸಿನ ಕರೆಂಟ್ 2 ಮಿಲಿಸೆಕೆಂಡ್ ಹರಿದರೆ ಸಾಕು, ಕಿಡಿ ಹತ್ತುತ್ತದೆ. ಚೀಲ 30-40 ಮಿಲಿಸೆಕೆಂಡಿನಲ್ಲಿ ತುಂಬಿರುತ್ತದೆ. ಉಜ್ಜುವ ಮೊಳೆಯ ಕೆಳಗೆ ಕೂತ ಧೂಳು ಒಂದೆರಡು ಓಮ್ ಸೇರಿಸಿದರೂ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಾಗಾಗಿ ಎಲ್ಲೂ ಉಜ್ಜದ, ಎಲ್ಲೂ ಬಿಡದ, ಆದರೂ ತಿರುಗಬಲ್ಲ ಒಂದೇ ಅಖಂಡ ತಂತಿ ಬೇಕಾಯಿತು.

ಅದೇ ಕ್ಲಾಕ್ ಸ್ಪ್ರಿಂಗ್. ಕೆಲವು ಕಂಪನಿಗಳ ಪುಸ್ತಕದಲ್ಲಿ ಸ್ಪೈರಲ್ ಕೇಬಲ್ ಅಂತಿರುತ್ತದೆ, ಇನ್ನು ಕೆಲವರಲ್ಲಿ ಕೇಬಲ್ ರೀಲ್. ದುಂಡಗಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಟೈಲರ್ ಕೊರಳಲ್ಲಿ ನೇತಾಡುವ ಅಳತೆ ಟೇಪಿನಂಥ ಒಂದು ಪಟ್ಟಿ ಸುರುಳಿ ಸುತ್ತಿಕೊಂಡಿರುತ್ತದೆ. ಪಟ್ಟಿ ಪ್ಲಾಸ್ಟಿಕ್ ಹಾಳೆಯದು, ಅದರ ಹೊಟ್ಟೆಯೊಳಗೆ ಚಪ್ಪಟೆ ತಾಮ್ರದ ಗೆರೆಗಳು. ಒಂದು ತುದಿ ಅಲ್ಲಾಡದ ಹೊರಗೋಡೆಗೆ, ಇನ್ನೊಂದು ತುದಿ ಚಕ್ರದ ಜೊತೆ ತಿರುಗುವ ಒಳಗಿನ ಗಾಲಿಗೆ.

ಎರಡೂ ತುದಿ ಕಟ್ಟಿಹಾಕಿದ್ದರೂ ಇದು ತಿರುಗುವುದು ಹೇಗೆ? ಇದೇ ನನಗೆ ತುಂಬಾ ಇಷ್ಟವಾದ ಜಾಗ, ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಹೊರಗೋಡೆಯ ತ್ರಿಜ್ಯ 45 ಮಿ.ಮೀ., ಒಳಗಾಲಿಯದು 30 ಮಿ.ಮೀ. ಅಂತಿಟ್ಟುಕೊಳ್ಳಿ. ಪಟ್ಟಿಯ ಉದ್ದ 2.83 ಮೀಟರ್. ಪಟ್ಟಿಯೆಲ್ಲ ಹೊರಗೋಡೆಗೆ ಒತ್ತಿಕೊಂಡಾಗ ಒಂದು ಸುತ್ತಿಗೆ 283 ಮಿ.ಮೀ. ಬೇಕು, ಅಂದರೆ 10 ಸುತ್ತು. ಅದೇ ಪಟ್ಟಿ ಪೂರ್ತಿ ಒಳಗಾಲಿಗೆ ಬಿಗಿದುಕೊಂಡಾಗ ಒಂದು ಸುತ್ತಿಗೆ ಸುಮಾರು 188 ಮಿ.ಮೀ. ಸಾಕು, ಅಂದರೆ 15 ಸುತ್ತು. 15ರಲ್ಲಿ 10 ಕಳೆದರೆ 5. ಗಾಲಿ ಐದು ಸುತ್ತು ತಿರುಗಿತು, ಪಟ್ಟಿ ಮಾತ್ರ ಎಲ್ಲೂ ತಿರುಚಿಕೊಳ್ಳಲೂ ಇಲ್ಲ, ಹಿಗ್ಗಲೂ ಇಲ್ಲ! ಬರೀ ಗೋಡೆ ಬಿಟ್ಟು ಗಾಲಿಗೆ ಬಂತು, ಅಷ್ಟೇ. ಪಟ್ಟಿಯ ದಪ್ಪವನ್ನು ಇಲ್ಲಿ ಬಿಟ್ಟಿದ್ದೇನೆ, ಡಬ್ಬಿಯ ಅಳತೆಯೂ ಕಾರಿನಿಂದ ಕಾರಿಗೆ ಬೇರೆ ಇರುತ್ತದೆ, ಆದರೆ ಕೆಲಸದ ಗುಟ್ಟು ಇದೇ.

ಈ ಲೆಕ್ಕ ತಲೆಗೆ ಹೋದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ. ಐದು ಸುತ್ತಿನ ಮಧ್ಯ ಎಲ್ಲಿದೆಯೋ ಅಲ್ಲಿ ಸ್ಟೀರಿಂಗ್ ನೇರವಾಗಿರಬೇಕು. ಆಗ ಆಚೆ ಎರಡೂವರೆ, ಈಚೆ ಎರಡೂವರೆ ಸಿಗುತ್ತದೆ. ಚಕ್ರಕ್ಕೆ ಬೇಕಾಗಿರುವುದು ಒಂದೊಂದು ಕಡೆಗೆ ಒಂದೂಮುಕ್ಕಾಲು ಮಾತ್ರ. ಮಧ್ಯದಿಂದ ಒಂದು ಸುತ್ತು ತಪ್ಪಿಸಿ ಕೂರಿಸಿದಿರಿ ಅನ್ನಿ. ಒಂದು ಕಡೆ ಒಂದೂವರೆ ಸುತ್ತೇ ಉಳಿಯುತ್ತದೆ. ಮನೆ ಮುಂದೆ ನೋಡಿದಾಗ ಎಲ್ಲ ಸರಿಯಾಗೇ ಕಾಣುತ್ತದೆ, ಲೈಟೂ ಆರಿರುತ್ತದೆ, ಮೊದಲ ಯೂಟರ್ನ್‌ನಲ್ಲಿ ಪಟ್ಟಿ ಟಪ್ ಅಂತ ಕಿತ್ತುಬರುತ್ತದೆ. ಸ್ಟೀರಿಂಗ್ ರ‍್ಯಾಕ್ (ಮುಂದಿನ ಚಕ್ರಗಳನ್ನು ತಿರುಗಿಸುವ ಭಾಗ) ಕೆಲಸ ಮಾಡಿಸಿ ಬಂದ ಮೇಲೆ ಕ್ಲಾಕ್ ಸ್ಪ್ರಿಂಗ್ ಹೋಗುವುದು ಹೀಗೇ. ಶಾಫ್ಟ್ ಬಿಚ್ಚಿದ್ದಾಗ ಯಾರೋ ಚಕ್ರವನ್ನು ಸುಮ್ನೆ ತಿರುಗಿಸಿರುತ್ತಾರೆ.

ಯಾರೂ ಕೈ ಹಾಕದಿದ್ದರೂ ಇದಕ್ಕೊಂದು ಆಯಸ್ಸಿದೆ. ತಾಮ್ರವನ್ನು ಬಗ್ಗಿಸಿ, ಬಿಡಿಸಿ, ಮತ್ತೆ ಬಗ್ಗಿಸುತ್ತಾ ಹೋದರೆ ಅದು ದಣಿದು ಬಿರುಕು ಬಿಡುತ್ತದೆ. ಗೆರೆ ತೆಳ್ಳಗಿದ್ದಷ್ಟೂ, ಬಾಗಿನ ತ್ರಿಜ್ಯ ದೊಡ್ಡದಿದ್ದಷ್ಟೂ ದಣಿವು ಕಡಿಮೆ. ಅದಕ್ಕೇ ದುಂಡು ವೈರ್ ಬಿಟ್ಟು ಚಪ್ಪಟೆ ಗೆರೆ ಹಾಕಿರುವುದು. ಬಿರುಕು ಬಿಟ್ಟ ಮೇಲೆ ಪಟ್ಟಿ ಒಂದು ಥರ ಬಾಗಿದಾಗ ತುದಿಗಳು ಮುಟ್ಟುತ್ತವೆ, ಇನ್ನೊಂದು ಥರ ಬಾಗಿದಾಗ ಬಿಡುತ್ತವೆ. ಎಡಕ್ಕೆ ತಿರುಗಿಸಿದಾಗ ಮಾತ್ರ ಹಾರ್ನ್ ಬಾರಿಸುವುದು ಇದರಿಂದಲೇ.

ಕಂಪನಿಗಳೂ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2014ರ ಏಪ್ರಿಲ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ 60 ಲಕ್ಷಕ್ಕೂ ಜಾಸ್ತಿ ವಾಹನಗಳನ್ನು ಬೇರೆ ಬೇರೆ ದೋಷಗಳಿಗಾಗಿ ವಾಪಸ್ ಕರೆಯಿತು. ಅದರಲ್ಲಿ ಒಂದು ಮುಖ್ಯ ಕಾರಣ ಇದೇ ಸ್ಪೈರಲ್ ಕೇಬಲ್. ಭಾರತದಲ್ಲಿ ಕರೆಸಿಕೊಂಡದ್ದು ಸುಮಾರು 45 ಸಾವಿರ, ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ, ಫಾರ್ಚುನರ್ ಅದರಲ್ಲಿದ್ದವು. ನಿಮ್ಮ ಕಾರಿನ ಈ ಭಾಗಕ್ಕೂ ವಾಪಸಾತಿ ಕರೆ ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ಮೊದಲು ವಿಚಾರಿಸಿ. ಇದ್ದರೆ ಕಂಪನಿಯೇ ಪುಕ್ಕಟೆ ಹಾಕಿಕೊಡುತ್ತದೆ. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಹಾಗಾಗಿ ಅತಿ ಅಗ್ಗದ ಕಾರಿನಲ್ಲೂ ಈಗ ಈ ಡಬ್ಬಿ ಇದ್ದೇ ಇರುತ್ತದೆ.

ಬಿಚ್ಚುವ ಮೊದಲು ರೋಗ ಖಾತ್ರಿ ಮಾಡಿಕೊಳ್ಳಿ. ಹಾರ್ನ್ ಮಾತ್ರ ಹೋಗಿದ್ದು ಏರ್‌ಬ್ಯಾಗ್ ಲೈಟ್ ಆರಿದ್ದರೆ ಮೊದಲು ಫ್ಯೂಸ್, ರಿಲೇ, ಹಾರ್ನ್ ನೋಡಿ. ಲೈಟ್ ಮಾತ್ರ ಉರಿಯುತ್ತಿದ್ದರೆ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲವಾಗಿರಬಹುದು, ಕಾರು ತೊಳೆಯುವಾಗ ಕೈ ತಗುಲಿ ಹಾಗಾಗುವುದುಂಟು. ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಡ್ರೈವರ್ ಏರ್‌ಬ್ಯಾಗ್ ದಾರಿ ಕಡಿದಿದೆ ಅಥವಾ ರೋಧ ಜಾಸ್ತಿ ಅಂತ ಕೋಡ್ ಬರುತ್ತದೆ. ಆದರೆ ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್‌ಗೆ ಇದು ಕಾಣುವುದಿಲ್ಲ. ಮಲ್ಟಿಮೀಟರ್ ಇದೆ ಅಂತ ಏರ್‌ಬ್ಯಾಗಿಗೆ ನೇರವಾಗಿ ಹಚ್ಚಿ ನೋಡಲೇಬೇಡಿ. ಮೀಟರ್ ರೋಧ ಅಳೆಯುವುದೇ ಕರೆಂಟ್ ಹರಿಸಿ, ಅದಕ್ಕೇ ಕಿಡಿ ಹತ್ತಿಬಿಡಬಹುದು.

ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋಗಿ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನ ಬೇಸ್ ಮಾಡೆಲ್‌ಗೂ ಟಾಪ್ ಮಾಡೆಲ್‌ಗೂ ತಂತಿಗಳ ಸಂಖ್ಯೆ ಬೇರೆ ಇರುತ್ತದೆ, ಹಾಗಾಗಿ ಹಳೆಯದರ ಪಾರ್ಟ್ ನಂಬರ್ ನೋಡಿಯೇ ತನ್ನಿ. ಗುಜರಿಯಿಂದ ಬಿಚ್ಚಿದ್ದು ಬೇಡ. ಅದರ ತಾಮ್ರ ಆಗಲೇ ಎಷ್ಟು ದಣಿದಿದೆಯೋ ಹೊರಗಿಂದ ಗೊತ್ತಾಗುವುದಿಲ್ಲ.

ಇನ್ನು ಕೆಲಸ. ಮುಂದಿನ ಚಕ್ರ ನೇರ ಇರುವಂತೆ ಕಾರು ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ದೂರ ಸರಿಸಿ. ಆಮೇಲೆ ಕಾಯಿರಿ. ಡಿಕ್ಕಿಯಾದಾಗ ಬ್ಯಾಟರಿಯೇ ಕಿತ್ತುಹೋದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಕಂಪ್ಯೂಟರಿನೊಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇದೆ, ಅದು ಖಾಲಿಯಾಗಲು ಹೊತ್ತು ಬೇಕು. ಎಷ್ಟು ಹೊತ್ತು ಅನ್ನುವುದು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಜಾಸ್ತಿ ಕಾದರೆ ನಷ್ಟವೇನಿಲ್ಲ. ಏರ್‌ಬ್ಯಾಗನ್ನು ಹಿಡಿದಿರುವುದು ಚಕ್ರದ ಹಿಂದಿನ ಬೋಲ್ಟು ಅಥವಾ ಕ್ಲಿಪ್ಪು. ಬಿಡಿಸಿದ ಮೇಲೆ ಹಳದಿ ಕನೆಕ್ಟರಿನ ಲಾಕ್ ಮೇಲೆತ್ತಿ ಕಳಚಿ. ಕಳಚಿದ ಕೂಡಲೇ ಅದರೊಳಗಿನ ಸಣ್ಣ ಲೋಹದ ಪಟ್ಟಿ ಎರಡೂ ಪಿನ್ನುಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ, ನಿಮ್ಮ ಮೈಯ ಸ್ಥಾಯಿ ವಿದ್ಯುತ್ ತಗುಲಿ ಕಿಡಿ ಹತ್ತದಿರಲಿ ಅಂತ. ಎಷ್ಟು ಮುಂದಾಲೋಚನೆ ನೋಡಿ. ಏರ್‌ಬ್ಯಾಗನ್ನು ಮೈಯಿಂದ ದೂರ ಹಿಡಿದು ಒಯ್ದು, ಲಾಂಛನವಿರುವ ಮುಖ ಮೇಲೆ ಬರುವಂತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೋರಲು ಹಾಕಿದರೆ, ಅಕಸ್ಮಾತ್ ಬಿಚ್ಚಿಕೊಂಡಾಗ ಇಡೀ ಡಬ್ಬಿಯೇ ಮೇಲಕ್ಕೆ ಹಾರುತ್ತದೆ.

ಮಧ್ಯದ ನಟ್ಟನ್ನು ಪೂರ್ತಿ ತೆಗೆಯಬೇಡಿ. ಎರಡು ಮೂರು ಎಳೆ ಉಳಿಸಿಕೊಂಡೇ ಚಕ್ರ ಎಳೆಯಿರಿ, ಇಲ್ಲದಿದ್ದರೆ ಅದು ಒಮ್ಮೆಲೇ ಕಿತ್ತುಬಂದು ಮುಖಕ್ಕೆ ಬಡಿಯುತ್ತದೆ. ಅದಕ್ಕೂ ಮೊದಲು ಶಾಫ್ಟಿಗೂ ಚಕ್ರಕ್ಕೂ ಒಂದೇ ಗೆರೆ ಬರುವಂತೆ ಮಾರ್ಕರ್‌ನಿಂದ ಗುರುತು ಹಾಕಿ. ಕಾಲಂ ಕವಚ ತೆಗೆದರೆ ಡಬ್ಬಿ ಕಾಣುತ್ತದೆ, ಅದರ ಸ್ಕ್ರೂ ಅಥವಾ ಕ್ಲಿಪ್ ಬಿಡಿಸಿ ಕನೆಕ್ಟರ್ ಕಳಚಿದರೆ ಹೊರಗೆ ಬರುತ್ತದೆ.

ಹೊಸ ಡಬ್ಬಿ ಮಧ್ಯಕ್ಕೆ ನಿಲ್ಲಿಸಿ, ಪಿನ್ನು ಅಥವಾ ಸ್ಟಿಕ್ಕರ್ ಹಾಕಿ ಬಂದಿರುತ್ತದೆ. ಕಾಲಂ ಮೇಲೆ ಕೂರಿಸುವ ತನಕ ಅದನ್ನು ಕೀಳಬೇಡಿ. ಅಪ್ಪಿತಪ್ಪಿ ಕಿತ್ತುಬಂದು ಗಾಲಿ ತಿರುಗಿಬಿಟ್ಟರೆ, ಒಂದು ಕಡೆಗೆ ಮೆಲ್ಲಗೆ ತಿರುಗಿಸುತ್ತಾ ಹೋಗಿ. ಬೆರಳಿಗೆ ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ, ಒತ್ತಾಯ ಬೇಡವೇ ಬೇಡ. ಅಲ್ಲಿಂದ ಇನ್ನೊಂದು ಕೊನೆಯವರೆಗೆ ಸುತ್ತು ಎಣಿಸಿ, ಅರ್ಧಕ್ಕೆ ವಾಪಸ್ ಬನ್ನಿ. ಡಬ್ಬಿಯ ಮೇಲಿನ ಬಾಣದ ಗುರುತುಗಳು ಆಗ ಎದುರುಬದುರಾಗಬೇಕು. ನಟ್ಟನ್ನು ಪುಸ್ತಕ ಹೇಳಿದಷ್ಟೇ ಟಾರ್ಕ್ ಪಾನಾದಿಂದ (ಬಿಗಿ ಎಷ್ಟಾಯಿತು ಅಂತ ತೋರಿಸುವ ಪಾನಾ) ಬಿಗಿಯಿರಿ, ಹೊಸ ನಟ್ಟು ಹಾಕಿ ಅಂದಿದ್ದರೆ ಹೊಸದೇ ಹಾಕಿ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಕೊಟ್ಟು, ಏರ್‌ಬ್ಯಾಗಿನ ಎದುರು ಕೂರದೆ ಬಾಗಿಲ ಪಕ್ಕದಿಂದ ಕೈ ಚಾಚಿ ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯದೇ ಇದ್ದರೂ ತಪ್ಪೇ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವಾಗಲೂ ಇದನ್ನು ನೋಡಿ. ಲೈಟ್ ಆರಿಸಲು ಏರ್‌ಬ್ಯಾಗಿನ ಜಾಗಕ್ಕೆ 2 ಓಮಿನ ರೆಸಿಸ್ಟರ್ ಸಿಕ್ಕಿಸಿ ಕೊಡುವವರಿದ್ದಾರೆ. ಕಂಪ್ಯೂಟರ್ ಎಲ್ಲ ಸರಿಯಿದೆ ಅಂದುಕೊಳ್ಳುತ್ತದೆ, ಡ್ರೈವರಿಗೆ ಮಾತ್ರ ರಕ್ಷಣೆ ಇರುವುದಿಲ್ಲ. ಇದು ಜೀವದ ಜೊತೆ ಆಡುವ ಮೋಸ.

ಎಂಜಿನ್ ಸ್ಟಾರ್ಟ್ ಮಾಡಿ ಎಡ, ಬಲ ಎರಡೂ ಕೊನೆಗೆ ಮೆಲ್ಲಗೆ ತಿರುಗಿಸಿ, ಅಲ್ಲಲ್ಲಿ ಹಾರ್ನ್ ಒತ್ತಿ ನೋಡಿ. ಡಬ್ಬಿಯ ಜೊತೆಗೆ ಸ್ಟೀರಿಂಗ್ ಕೋನದ ಸೆನ್ಸರ್ ಇರುವ ಕಾರಾದರೆ ಅದನ್ನು ಸ್ಕ್ಯಾನರ್‌ನಿಂದ ಶೂನ್ಯಕ್ಕೆ ಹೊಂದಿಸಬೇಕು, ಇಲ್ಲದಿದ್ದರೆ ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲಿನ ಲೈಟ್ ಹತ್ತಿಕೊಳ್ಳುತ್ತದೆ. ಹಳೆಯ ಕೋಡ್ ಅಳಿಸಿದ ಮೇಲೂ ಏರ್‌ಬ್ಯಾಗ್ ಲೈಟ್ ಆರದಿದ್ದರೆ ಬ್ಯಾಟರಿ ಮತ್ತೆ ಬಿಚ್ಚಿ, ಅಷ್ಟೇ ಹೊತ್ತು ಕಾದು, ಹಳದಿ ಕನೆಕ್ಟರಿನ ಲಾಕ್ ಪೂರ್ತಿ ಕೂತಿದೆಯಾ ಅಂತ ಒಮ್ಮೆ ನೋಡಿ. ಕೂತಿದ್ದೂ ಆರದಿದ್ದರೆ ಅಲ್ಲಿಗೆ ನಿಲ್ಲಿಸಿ, ಏರ್‌ಬ್ಯಾಗ್ ಕೆಲಸ ಗೊತ್ತಿರುವ ಗ್ಯಾರೇಜಿಗೆ ಒಯ್ಯಿರಿ.